ಕನ್ನಡಿ ಮುಂದೆ ಕೂತು ಮಗು ತನ್ನ ಮುಖ ತಾನೇ ಬರೆಯಲು

ಪ್ರಶ್ನೆ: ತೀರ್ಥಹಳ್ಳಿ ಹತ್ತಿರದ ಹಳ್ಳಿ ನಮ್ಮದು. ಮಳೆ ರಜೆ ಕೊಟ್ಟರೆ ಮಕ್ಕಳಿಬ್ಬರೂ ದಿನವಿಡೀ ಮೊಬೈಲ್ ಹಿಡಿದು ಕೂರುತ್ತಾರೆ. ಮಗಳಿಗೆ ಏಳು ವರ್ಷ, ಚಿತ್ರ ಅಂದರೆ ಇಷ್ಟ. ಆದರೆ ಯಾರ ಮುಖ ಬರಿ ಅಂದರೂ ಅದೇ ದುಂಡು ಮುಖ, ಉದ್ದ ರೆಪ್ಪೆಯ ಗೊಂಬೆ ಕಣ್ಣು, ಕೆಂಪು ತುಟಿ. ‘ನಿನ್ನ ಮುಖ ಬರಿ’ ಅಂದಾಗಲೂ ಅದನ್ನೇ ಬರೆದಳು. ಸರಿ ಬರಲಿಲ್ಲ ಅಂತ ರಬ್ಬರಿನಲ್ಲಿ ಉಜ್ಜಿ ಉಜ್ಜಿ ಹಾಳೆ ಹರಿಯಿತು; ‘ಅಮ್ಮಾ, ನೀನೇ ಬರೆದುಕೊಡು’ ಅಂತ ಹಟ. ನನಗೆ ಚಿತ್ರ ಬರುವುದಿಲ್ಲ. ಮಗನಿಗೆ ನಾಲ್ಕು ವರ್ಷ. ಅವನು ಬರೆಯುವ ಮನುಷ್ಯರಿಗೆ ತಲೆಯಿಂದಲೇ ಕಾಲು ಹೊರಟಿರುತ್ತದೆ. ಮನೆಯಲ್ಲಿರುವ ಸಾಮಾನಿನಲ್ಲೇ ಇಬ್ಬರ ಕೈಲೂ ಅವರವರ ಮುಖ ಬರೆಸುವುದು ಹೇಗೆ? ಮಗಳನ್ನು ಡ್ರಾಯಿಂಗ್ ಕ್ಲಾಸಿಗೆ ಹಾಕಬೇಕಾ?

ಉತ್ತರ: ನಿಮ್ಮ ಮಗಳ ಕೈಯಲ್ಲಿ ಯಾವ ಕೊರತೆಯೂ ಇಲ್ಲ. ಅವಳು ನೆನಪಿನಿಂದ ಬರೆಯುತ್ತಿದ್ದಾಳೆ, ಅಷ್ಟೇ. ಆರೇಳು ವರ್ಷದ ಹೊತ್ತಿಗೆ ಮಕ್ಕಳು ಮನೆಗೊಂದು, ಮರಕ್ಕೊಂದು, ಮುಖಕ್ಕೊಂದು ಮಾದರಿ ಕಟ್ಟಿಕೊಂಡಿರುತ್ತಾರೆ. ಒಮ್ಮೆ ಕೈಗೆ ಕೂತ ಮೇಲೆ ಯಾವಾಗ ಕೇಳಿದರೂ ಅದೇ ಬರುತ್ತದೆ. ಅದು ಬೆಳವಣಿಗೆಯ ಒಂದು ಹಂತ, ಬೈದು ಬಿಡಿಸುವಂಥದ್ದಲ್ಲ. ನೀವು ಮಾಡಬೇಕಾದ್ದು ಇಷ್ಟೇ: ಆ ಮಾದರಿಯನ್ನು ಪಕ್ಕಕ್ಕಿಟ್ಟು, ಎದುರಿಗಿರುವುದನ್ನು ನೋಡಿ ಬರೆಯುವಂತೆ ಅವಳನ್ನು ಕೂರಿಸುವುದು. ಇದಕ್ಕೆ ನಿಮಗೆ ಚಿತ್ರ ಬರಬೇಕಿಲ್ಲ. ಪ್ರಶ್ನೆ ಕೇಳಲು ಬಂದರೆ ಸಾಕು.

ಮೊದಲು ಕನ್ನಡಿ ಮತ್ತು ಬೆಳಕಿನ ವಿಷಯ, ಯಾಕೆಂದರೆ ಅರ್ಧ ಕೆಲಸ ಕೆಡುವುದೇ ಇಲ್ಲಿ. ಪೌಡರ್ ಡಬ್ಬಿಯ ಕಿರುಗನ್ನಡಿ ಸಾಲದು. ಮುಖ ಪೂರ್ತಿ, ಎರಡೂ ಕಿವಿ ಸೇರಿ ಕಾಣಬೇಕು. ಬಚ್ಚಲಲ್ಲಿ ತೂಗುಹಾಕುವ ಪ್ಲಾಸ್ಟಿಕ್ ಕಟ್ಟಿನ ಕನ್ನಡಿ, ಸುಮಾರು 20 ಸೆಂ.ಮೀ. ಅಗಲ 25 ಸೆಂ.ಮೀ. ಎತ್ತರದ್ದು, ಧಾರಾಳವಾಯಿತು. ಅದನ್ನು ಮಗುವಿನ ಕಣ್ಣಿನ ಮಟ್ಟಕ್ಕೆ ನೆಟ್ಟಗೆ ನಿಲ್ಲಿಸಿ. ಹಿಂದೆ ಎರಡು ದಪ್ಪ ಪುಸ್ತಕ ಅಥವಾ ಅಕ್ಕಿ ಡಬ್ಬಿ ಆನಿಸಿದರೆ ಜಾರುವುದಿಲ್ಲ. ಕೆಳಗೆ ಮಲಗಿಸಿಟ್ಟರೆ ಮಗು ಬಗ್ಗಿ ನೋಡುತ್ತದೆ, ಗಲ್ಲ ಮತ್ತು ಮೂಗಿನ ಹೊಳ್ಳೆಯೇ ದೊಡ್ಡದಾಗಿ ಕಂಡು ಹಣೆ ಮಾಯವಾಗುತ್ತದೆ. ಕನ್ನಡಿಗೂ ಮುಖಕ್ಕೂ ಮಗುವಿನ ಒಂದು ಮೊಳದಷ್ಟು ದೂರವಿರಲಿ.

ಮಲೆನಾಡಿನ ಹಂಚಿನ ಮನೆಗಳಲ್ಲಿ ಮಳೆಗಾಲದ ಹಗಲಲ್ಲೂ ಒಳಗೆ ಮಬ್ಬು. ಮಾಡಿನ ಗಾಜಿನ ಹಂಚಿನ ಕೆಳಗೆ ಕೂರಿಸೋಣ ಅನ್ನಿಸುತ್ತದೆ, ಆದರೆ ಬೆಳಕು ನೆತ್ತಿಯ ಮೇಲಿಂದ ಬಿದ್ದರೆ ಕಣ್ಣಿನ ಗುಳಿಗಳು ಕಪ್ಪಗಾಗಿ ಕಣ್ಣೇ ಕಾಣುವುದಿಲ್ಲ. ಕಿಟಕಿಯ ಪಕ್ಕ ಅಥವಾ ಜಗಲಿ ಒಳ್ಳೆಯ ಜಾಗ. ಬಲಗೈಯಲ್ಲಿ ಬರೆಯುವ ಮಗುವಿಗೆ ಬೆಳಕು ಎಡಗಡೆಯಿಂದ ಬರಲಿ, ಇಲ್ಲದಿದ್ದರೆ ಕೈಯ ನೆರಳು ಹಾಳೆಯ ಮೇಲೇ ಬೀಳುತ್ತದೆ. ಎಡಗೈಯವರಿಗೆ ಇದರ ಉಲ್ಟಾ. ಜಗಲಿಯಲ್ಲಿ ಎರಚಲು ಹೊಡೆಯುತ್ತಿದ್ದರೆ ಮಾತ್ರ ಒಳಗೇ ಕೂರಿ.

ಹಾಳೆ: ನೋಟ್‌ಬುಕ್ಕಿನ ಹಾಳೆ, ಜೆರಾಕ್ಸ್ ಹಾಳೆ ತೆಳು. ಮಳೆಗಾಲದಲ್ಲಿ ಅವು ತೇವ ಎಳೆದುಕೊಂಡು ಮೆತ್ತಗಾಗಿರುತ್ತವೆ. ನಿಮ್ಮ ಮಗಳ ಹಾಳೆ ಹರಿದದ್ದಕ್ಕೆ ರಬ್ಬರಿನಷ್ಟೇ ಈ ತೇವವೂ ಕಾರಣವಿರಬಹುದು. ಅಂಗಡಿಯಲ್ಲಿ ಡ್ರಾಯಿಂಗ್ ಶೀಟ್ ಕೇಳಿ, 120 ಜಿಎಸ್‌ಎಂಗಿಂತ ದಪ್ಪ ಇರಲಿ. ಶಿವಮೊಗ್ಗಕ್ಕೆ ಹೋದಾಗ ಗಾಂಧಿ ಬಜಾರಿನ ಕಡೆ ಒಂದು ಡಜನ್ ದೊಡ್ಡ ಶೀಟ್ ಒಟ್ಟಿಗೇ ತಂದು, ಕತ್ತರಿಸಿ, ಪೇಪರ್ ಸುತ್ತಿ ಕಪಾಟಿನ ಮೇಲಿನ ಅರೆಯಲ್ಲಿ ಇಟ್ಟುಕೊಳ್ಳಿ. ಹಳೇ ಗೋಡೆ ಕ್ಯಾಲೆಂಡರಿನ ಹಿಂಬದಿ ನುಣುಪಿಲ್ಲದಿದ್ದರೆ ಅದೂ ಚೆನ್ನ. ಪೆನ್ಸಿಲ್ 2ಬಿ ಅಥವಾ 4ಬಿ. ಶಾಲೆಯ ಎಚ್‌ಬಿ ಪೆನ್ಸಿಲ್‌ನಲ್ಲಿ ಕಪ್ಪು ಬರಲೆಂದು ಮಕ್ಕಳು ಒತ್ತುತ್ತಾರೆ, ಒತ್ತಿದ ಗೆರೆ ಹಾಳೆಯಲ್ಲಿ ಗೀರಾಗಿ ಉಳಿಯುತ್ತದೆ.

ರಬ್ಬರ್ ಬೇಡ. ಎತ್ತಿಟ್ಟುಬಿಡಿ. ಇದೊಂದರಲ್ಲಿ ರಾಜಿಯಾಗಬೇಡಿ. ರಬ್ಬರ್ ಕೈಗೆ ಸಿಕ್ಕರೆ ಮಗುವಿನ ಗಮನ ಕನ್ನಡಿಯಿಂದ ತಪ್ಪಿ ಹಾಳೆಯ ತಪ್ಪಿನ ಮೇಲೆ ನಿಲ್ಲುತ್ತದೆ. ಗೆರೆ ತಪ್ಪಿತು ಅನ್ನಿಸಿದರೆ ಅದರ ಪಕ್ಕದಲ್ಲೇ ಇನ್ನೊಂದು ಗೆರೆ ಎಳೆಯಲಿ; ಹಳೆಯದು ಹಾಗೇ ಇರಲಿ, ಬಣ್ಣ ತುಂಬುವಾಗ ಎಷ್ಟೋ ಮುಚ್ಚಿಹೋಗುತ್ತದೆ. ಜರ್ಮನಿಯ ಕಲಾವಿದ ಆಲ್ಬ್ರೆಕ್ಟ್ ಡ್ಯೂರರ್ 1484ರಲ್ಲಿ, ಹದಿಮೂರು ವರ್ಷದ ಹುಡುಗನಾಗಿದ್ದಾಗ, ಕನ್ನಡಿ ನೋಡಿಕೊಂಡು ತನ್ನ ಚಿತ್ರ ಬರೆದ. ಅದು ಈಗ ವಿಯೆನ್ನಾದ ಆಲ್ಬರ್ಟಿನಾ ಸಂಗ್ರಹಾಲಯದಲ್ಲಿದೆ. ಬರೆದದ್ದು ಬೆಳ್ಳಿಯ ಮೊನೆಯಲ್ಲಿ, ಅಂದರೆ ಬೆಳ್ಳಿ ತಂತಿಯ ಚೂಪು ತುದಿಯಲ್ಲಿ. ಒಮ್ಮೆ ಎಳೆದ ಗೆರೆಯನ್ನು ಅಳಿಸಲು ಬಾರದ ಸಾಧನ ಅದು. ಇದನ್ನು ಮಗಳಿಗೆ ಹೇಳಿ, ಮಕ್ಕಳಿಗೆ ಇಂಥದ್ದು ನಾಟುತ್ತದೆ.

ಪೆನ್ಸಿಲ್ ಹಿಡಿಯುವ ಮೊದಲು ಹತ್ತು ನಿಮಿಷ ಮುಖವನ್ನು ಮುಟ್ಟಿ ಅಳೆಯುವ ಆಟ ಆಡಿಸಿ. ಕಣ್ಣು ಮುಚ್ಚಿ ಹಣೆಯಿಂದ ಬೆರಳು ಇಳಿಸುತ್ತ ಬರಲಿ: ಹುಬ್ಬಿನ ಮೂಳೆ, ಅದರ ಕೆಳಗೆ ಕಣ್ಣಿನ ಗುಳಿ, ಮೂಗಿನ ಗಟ್ಟಿ ಭಾಗ ಎಲ್ಲಿ ಮುಗಿದು ಮೆತ್ತಗಾಗುತ್ತದೆ, ಮೂಗಿಗೂ ತುಟಿಗೂ ನಡುವಿನ ಸಣ್ಣ ಕಾಲುವೆ. ಆಮೇಲೆ ಹೂ ಕಟ್ಟುವ ಬಾಳೆನಾರು ಒಂದು ತುಂಡು ತಗೊಳ್ಳಿ. ನೆತ್ತಿಯ ಮೇಲೆ ಪುಸ್ತಕ ಒಂದನ್ನು ಅಡ್ಡಡ್ಡ ಒತ್ತಿ ಹಿಡಿದರೆ ತಲೆಯ ತುದಿ ಎಲ್ಲಿದೆಯೆಂದು ಗೊತ್ತಾಗುತ್ತದೆ, ಕೂದಲಿನ ಉಬ್ಬು ಲೆಕ್ಕಕ್ಕೆ ಬರುವುದಿಲ್ಲ. ಪುಸ್ತಕದಿಂದ ಕಣ್ಣಿನ ನಡುವಿನವರೆಗೆ ನಾರನ್ನು ನೇರ ಹಿಡಿದು ಅಳೆಯಿರಿ. ಅದೇ ಉದ್ದವನ್ನು ಕಣ್ಣಿನಿಂದ ಗಲ್ಲದ ತುದಿಗೆ ಹಿಡಿಯಿರಿ. ಎರಡೂ ಹೆಚ್ಚುಕಡಿಮೆ ಸಮ. ಏಳು ವರ್ಷದ ಮಗುವಿನಲ್ಲಿ ಕಣ್ಣು ಅರ್ಧಕ್ಕಿಂತ ಒಂಚೂರು ಕೆಳಗೇ ಇರಬಹುದು, ಯಾಕೆಂದರೆ ಮಕ್ಕಳ ಹಣೆ ದೊಡ್ಡದು.

ಹೆಚ್ಚಿನ ಮಕ್ಕಳು ಇದನ್ನು ನಂಬುವುದಿಲ್ಲ, ಮತ್ತೆ ಅಳೆಯುತ್ತಾರೆ. ಅಳೆಯಲಿ. ಕಣ್ಣನ್ನು ಮೇಲೆ, ಹಣೆಗೆ ತಾಗಿಸಿ ಬರೆಯುವುದು ದೊಡ್ಡವರೂ ಮಾಡುವ ತಪ್ಪು. ಹಣೆಯಲ್ಲಿ ನೋಡುವಂಥದ್ದು ಏನೂ ಇಲ್ಲವಾದ್ದರಿಂದ ಮನಸ್ಸು ಅದನ್ನು ಚಿಕ್ಕದು ಮಾಡಿಬಿಡುತ್ತದೆ. ಕಣ್ಣು ನಡುವೆ ಬರಬೇಕು ಅಂತ ನೀವು ಹೇಳಿದರೆ ಅದು ಇನ್ನೊಂದು ನಿಯಮ. ನಾರಿನಲ್ಲಿ ತಾನೇ ಅಳೆದರೆ ಅವಳದೇ ಕಂಡುಹಿಡಿತ, ಮರೆಯುವುದಿಲ್ಲ. ಇನ್ನೊಂದೆರಡು ಅಳತೆ ಇದೇ ರೀತಿ ಸಿಗುತ್ತವೆ: ಎರಡು ಕಣ್ಣಿನ ನಡುವೆ ಇನ್ನೊಂದು ಕಣ್ಣು ಹಿಡಿಸುವಷ್ಟು ಜಾಗ, ಕಿವಿಯ ಮೇಲ್ತುದಿ ಹುಬ್ಬಿನ ಸಮಕ್ಕೆ, ಹಾಲೆ ಮೂಗಿನ ಬುಡದ ಸಮಕ್ಕೆ. ಇವೂ ಮುಖದಿಂದ ಮುಖಕ್ಕೆ ಸ್ವಲ್ಪ ಬೇರೆಯಾಗುತ್ತವೆ, ಹಾಗಾಗಿ ಪಾಠದಂತೆ ಒಪ್ಪಿಸಬೇಡಿ.

ಈಗ ಹಾಳೆ. ಎ4 ಅಳತೆಯ ಹಾಳೆಯನ್ನು ಉದ್ದಕ್ಕೆ ಇಟ್ಟು, ಮೇಲಂಚಿನಿಂದ ಎರಡು ಬೆರಳಷ್ಟು ಬಿಟ್ಟು ಒಂದು ಚುಕ್ಕೆ, ಕೆಳಗಂಚಿನಿಂದ ನಾಲ್ಕೈದು ಬೆರಳು ಬಿಟ್ಟು ಇನ್ನೊಂದು ಚುಕ್ಕೆ ಅವಳೇ ಇಡಲಿ. ಮೇಲಿನದು ನೆತ್ತಿ, ಕೆಳಗಿನದು ಗಲ್ಲ. ಚುಕ್ಕೆ ಇಡದಿದ್ದರೆ ಮೂಲೆಯಲ್ಲಿ ನಿಂಬೆಹಣ್ಣಿನಷ್ಟು ಮುಖ ಬರುತ್ತದೆ, ಆಮೇಲೆ ಅದರೊಳಗೆ ಕಣ್ಣು ಮೂಗು ಹಿಡಿಸುವುದಿಲ್ಲ. ಎರಡು ಚುಕ್ಕೆಗಳ ನಡುವೆ ಮುಖದ ಸುತ್ತುಗೆರೆ ತೆಳ್ಳಗೆ ಎಳೆಯಲಿ. ಎಳೆಯುವ ಮೊದಲು ಕೇಳಿ: ‘ಕಿವಿಯಿಂದ ಗಲ್ಲಕ್ಕೆ ಬರುವಾಗ ನಿನ್ನ ಮುಖ ದುಂಡಗೆ ಬರುತ್ತಾ, ಇಳಿಜಾರಾಗಿ ಬರುತ್ತಾ?’ ಗೊಂಬೆಯ ದುಂಡು ಮುಖ ಬಿಟ್ಟುಹೋಗುವುದು ಈ ಒಂದು ಪ್ರಶ್ನೆಯಿಂದ.

ಕಣ್ಣಿಗೆ ಹೆಚ್ಚು ಹೊತ್ತು ಕೊಡಿ. ಕನ್ನಡಿಯನ್ನು ಒಂದು ಗೇಣಿನಷ್ಟು ಹತ್ತಿರ ತಂದು, ಮುಖವನ್ನು ಕಿಟಕಿಯ ಕಡೆ ತಿರುಗಿಸಿ, ಒಂದೇ ಕಣ್ಣನ್ನು ನೋಡಲು ಹೇಳಿ. ‘ಕಪ್ಪು’ ಅಂದುಕೊಂಡಿದ್ದ ಗುಡ್ಡೆ ಕಂದು ಬಣ್ಣದ್ದೆಂದು ಕಾಣುತ್ತದೆ. ನಿಜವಾಗಿ ಕಪ್ಪಗಿರುವುದು ಅದರ ನಡುವಿನ ಪಾಪೆ ಮಾತ್ರ. ಕಣ್ಣನ್ನು ಅಂಗೈಯಿಂದ ಮುಚ್ಚಿ ಹತ್ತರವರೆಗೆ ಎಣಿಸಿ ಕೈ ತೆಗೆದರೆ ಪಾಪೆ ದೊಡ್ಡದಿದ್ದದ್ದು ಬೆಳಕಿಗೆ ಕುಗ್ಗುವುದು ಕಾಣುತ್ತದೆ. ಇದನ್ನು ಮಕ್ಕಳು ಐದಾರು ಸಲ ಮಾಡಿ ನೋಡುತ್ತಾರೆ, ತಡೆಯಬೇಡಿ. ಆಮೇಲೆ ಕೇಳಿ: ‘ಕಂದು ಗುಡ್ಡೆ ಪೂರ್ತಿ ದುಂಡಗೆ ಕಾಣುತ್ತಾ?’ ಇಲ್ಲ, ಅದರ ಮೇಲಿನ ಅಂಚನ್ನು ರೆಪ್ಪೆ ಮುಚ್ಚಿರುತ್ತದೆ. ಗುಡ್ಡೆಯನ್ನು ಪೂರ್ತಿ ದುಂಡಗೆ ಬರೆದಾಗ ಮುಖ ಬೆಚ್ಚಿಬಿದ್ದಂತೆ ಕಾಣುವುದು ಇದಕ್ಕೇ. ಗುಡ್ಡೆಯಲ್ಲಿ ಒಂದು ಬಿಳಿ ಚುಕ್ಕೆ ಇರುತ್ತದೆ, ಅದು ನಿಮ್ಮ ಕಿಟಕಿಯದೇ ಪ್ರತಿಬಿಂಬ. ಅಷ್ಟು ಜಾಗ ಬಣ್ಣ ತುಂಬದೆ ಬಿಟ್ಟರೆ ಕಣ್ಣಿಗೆ ಜೀವ ಬರುತ್ತದೆ. ರೆಪ್ಪೆಗೂದಲು ಕೊನೆಗೆ, ಅದೂ ಕನ್ನಡಿಯಲ್ಲಿ ಕಂಡರೆ ಮಾತ್ರ. ನೇರ ನೋಡಿದಾಗ ಮೇಲಿನ ರೆಪ್ಪೆಯದು ಒಂದು ದಪ್ಪ ಗೆರೆಯಾಗಿ ಕಾಣುತ್ತದೆ, ಪೊರಕೆ ಕಡ್ಡಿಯಂತೆ ಬಿಡಿಬಿಡಿಯಾಗಿ ಅಲ್ಲ.

ಮೂಗಿನಲ್ಲಿ ತಪ್ಪು ಒಂದೇ: ಎದುರಿನಿಂದ ನೋಡುತ್ತಾ ಪಕ್ಕದಿಂದ ಕಾಣುವ ಮೂಗನ್ನು ಬರೆಯುವುದು. ಹೊಳ್ಳೆಗಳ ಎರಡು ಬಾಗು, ಕೆಳಗೆ ಸ್ವಲ್ಪ ನೆರಳು, ಇಷ್ಟು ಸಾಕು. ಮೇಲಿನ ಭಾಗ ಬಣ್ಣ ಹಾಕುವಾಗ ತಾನಾಗಿ ಬರುತ್ತದೆ. ಬಾಯಿಗೆ ಎರಡು ತುಟಿ ಸೇರುವ ಗೆರೆ ಮೊದಲು, ಯಾಕೆಂದರೆ ಬಾಯಲ್ಲಿ ಎಲ್ಲಕ್ಕಿಂತ ಕಪ್ಪಗೆ ಕಾಣುವುದು ಅದೇ. ಹಲ್ಲು ಬಿಟ್ಟು ನಗುವ ಮುಖ ಮೊದಲ ಸಲಕ್ಕೆ ಕಷ್ಟ, ನಗು ನಿಲ್ಲುವುದಿಲ್ಲ, ಕೆನ್ನೆ ನೋಯುತ್ತದೆ. ಆದರೆ ಏಳರ ವಯಸ್ಸಿನಲ್ಲಿ ಮುಂದಿನ ಹಲ್ಲು ಬಿದ್ದು ಕಿಂಡಿಯಿದ್ದರೆ ಅದನ್ನು ಬರೆಯಲೇಬೇಕೆಂದು ಅವಳೇ ಹಟ ಹಿಡಿದಾಳು. ಬಿಡಿ, ಬರೆಯಲಿ. ಮುಂದಿನ ವರ್ಷ ಆ ಕಿಂಡಿ ಇರುವುದಿಲ್ಲ.

ಕೂದಲನ್ನು ನೆತ್ತಿಯಿಂದ ಕಾರಂಜಿಯಂತೆ ಎಳೆಯುವ ಬದಲು ಬೈತಲೆಯಿಂದ ಶುರುಮಾಡಲಿ, ಬಾಚಣಿಗೆ ಹೋದ ದಿಕ್ಕಿನಲ್ಲೇ ಪೆನ್ಸಿಲ್ ಹೋಗಲಿ. ಎಣ್ಣೆ ಹಚ್ಚಿದ ಕೂದಲಿಗೆ ಹೊಳೆಯುವ ಒಂದು ಪಟ್ಟಿ ಇರುತ್ತದೆ, ಅಲ್ಲಿ ಒತ್ತಿ ಕಪ್ಪು ಹಚ್ಚಬಾರದು. ಕುತ್ತಿಗೆಯನ್ನು ಮಕ್ಕಳು ಕೋಲಿನಷ್ಟು ಸಪೂರ ಬರೆಯುತ್ತಾರೆ. ಅದು ಎಲ್ಲಿಂದ ಹೊರಡುತ್ತದೆಂದು ಕನ್ನಡಿಯಲ್ಲಿ ಬೆರಳಿಟ್ಟು ತೋರಿಸಲು ಹೇಳಿ. ಬೈತಲೆ, ಮಚ್ಚೆ, ಕಿವಿಯ ರಿಂಗು ಕನ್ನಡಿಯಲ್ಲಿ ಯಾವ ಕಡೆ ಕಂಡಿತೋ ಹಾಳೆಯಲ್ಲೂ ಅದೇ ಕಡೆ ಬರೆಯಬೇಕು. ಎಡ ಬಲ ಉಲ್ಟಾ ಆಯಿತೆಂದು ತಿದ್ದಹೋದರೆ ಮಗುವಿಗೆ ಗೊಂದಲ.

ಮೊಬೈಲಿನ ಸೆಲ್ಫಿ ನೋಡಿ ಬರೆಸಬಹುದಲ್ಲ ಅಂತ ಕೆಲವರು ಕೇಳುತ್ತಾರೆ. ಬೇಡ. ಕೈಯಳತೆಯಲ್ಲಿ ಹಿಡಿದ ಮೊಬೈಲಿಗೆ ಮೂಗು ಕಿವಿಗಿಂತ ತೀರಾ ಹತ್ತಿರ. ಹಾಗಾಗಿ ಮೂಗು ಉಬ್ಬಿ, ಕಿವಿ ಹಿಂದೆ ಸರಿದು ಕಾಣುತ್ತದೆ. ಅಲ್ಲದೆ ಮೊಬೈಲನ್ನು ದೂರವಿಡಲೆಂದೇ ಅಲ್ಲವೇ ಈ ಕೆಲಸ.

ಬಣ್ಣದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಕ್ರೇಯಾನ್ ಡಬ್ಬಿಯಲ್ಲಿ ತಿಳಿ ಗುಲಾಬಿಯಂಥ ಒಂದು ಕಡ್ಡಿ ಇರುತ್ತದೆ, ಮಕ್ಕಳು ಅದನ್ನು ‘ಸ್ಕಿನ್ ಕಲರ್’ ಅನ್ನುತ್ತಾರೆ. ನಮ್ಮ ಮನೆಗಳಲ್ಲಿ ಯಾರ ಮೈಬಣ್ಣವೂ ಅದಲ್ಲ. ಆ ಕಡ್ಡಿಯನ್ನು ಮಗುವಿನ ಕೈಯ ಮೇಲಿಟ್ಟು ‘ಇದೇನಾ?’ ಅಂತ ಕೇಳಿ, ಅವಳೇ ಅಲ್ಲ ಅನ್ನುತ್ತಾಳೆ. ಬೇರೆ ಹಾಳೆಯ ಚೂರಿನಲ್ಲಿ ಮೊದಲು ಹಳದಿ ತೆಳ್ಳಗೆ, ಮೇಲೆ ಕಿತ್ತಳೆ, ಅದರ ಮೇಲೆ ಕಂದು ಉಜ್ಜಿ ನೋಡಲಿ. ಕೈ ಪಕ್ಕ ಹಿಡಿದು ಹೋಲಿಸುತ್ತಾ ತನ್ನ ಬಣ್ಣ ಸಿಗುವವರೆಗೂ ಕೂಡಿಸಲಿ. ತಿಳಿ ಬಣ್ಣ ಮೊದಲು, ಗಾಢ ಆಮೇಲೆ. ತಿರುಗುಮುರುಗಾದರೆ ಮೇಣದ ಬಣ್ಣ ಜಾರಿ ಹಳದಿ ಕೂರುವುದೇ ಇಲ್ಲ. ಈ ಹೊತ್ತಲ್ಲಿ ‘ಇಷ್ಟು ಕಪ್ಪು ಯಾಕೆ ಹಚ್ಚಿದೆ, ಬೆಳ್ಳಗೆ ಹಚ್ಚು’ ಎಂಬ ಮಾತು ಮನೆಯ ಯಾರ ಬಾಯಿಂದಲೂ ಬರಬಾರದು. ಅಜ್ಜಿ ಅಜ್ಜನಿಗೂ ಮೊದಲೇ ಹೇಳಿಡಿ. ಮಗು ತನ್ನ ಮೈಬಣ್ಣವನ್ನು ತಾನೇ ಕೂಡಿಸಿ ತೆಗೆದಿದೆ. ಆ ಒಂದು ಮಾತು ಅದನ್ನು ಕಸಿದುಕೊಳ್ಳುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರುಬಣ್ಣ ಕೈಕೊಡುತ್ತದೆ. ಗಾಳಿಯಲ್ಲೇ ನೀರಿರುವುದರಿಂದ ಒಂದು ಪದರ ಒಣಗುವುದಿಲ್ಲ, ಒಣಗುವ ಮೊದಲೇ ಎರಡನೆಯದು ಹಚ್ಚಿದರೆ ಎಲ್ಲಾ ಸೇರಿ ಕೆಸರಾಗುತ್ತದೆ. ಕ್ರೇಯಾನ್, ಬಣ್ಣದ ಪೆನ್ಸಿಲ್ ಸಾಕು. ಹೊಳವಾದ ದಿನಗಳಲ್ಲಿ ಮಣ್ಣಿನ ಬಣ್ಣ ಮಾಡಿ. ಸಾಗರ, ಸೊರಬ ಕಡೆಯ ದೀವರ ಸಮುದಾಯದ ಮನೆಗಳ ಗೋಡೆಚಿತ್ರವಾದ ಹಸೆ ಚಿತ್ತಾರದಲ್ಲಿ ಕೆಮ್ಮಣ್ಣು ಮತ್ತು ಅಕ್ಕಿಯ ಬಿಳಿ ಎಷ್ಟೋ ಕಾಲದಿಂದ ಗೋಡೆಗೆ ಹತ್ತಿವೆ; ಮೈಬಣ್ಣಕ್ಕೆ ಅದೇ ಕೆಮ್ಮಣ್ಣು ಬಹಳ ಚೆನ್ನಾಗಿ ಒದಗುತ್ತದೆ. ಎರಡು ಹಿಡಿ ಕೆಮ್ಮಣ್ಣನ್ನು ಒಂದು ಚೊಂಬು ನೀರಿನಲ್ಲಿ ಕಲಕಿ, ಅರ್ಧ ನಿಮಿಷ ಬಿಟ್ಟರೆ ಮರಳು ತಳ ಸೇರುತ್ತದೆ. ಮೇಲಿನ ಕೆಂಪು ನೀರನ್ನು ಬೇರೆ ಪಾತ್ರೆಗೆ ಬಸಿದು ಒಂದು ರಾತ್ರಿ ಬಿಡಿ. ಬೆಳಿಗ್ಗೆ ತಿಳಿನೀರು ಚೆಲ್ಲಿ, ತಳದ ನುಣುಪು ಮಣ್ಣನ್ನು ಎರಡು ಚಮಚ ತೆಗೆದು ಒಂದು ಚಮಚ ಗಟ್ಟಿ ಅಕ್ಕಿಗಂಜಿ ಸೇರಿಸಿ ಕಲಸಿ. ಗಂಜಿ ಕಡಿಮೆಯಾದರೆ ಒಣಗಿದ ಮೇಲೆ ಬಣ್ಣ ಪುಡಿಪುಡಿ ಉದುರುತ್ತದೆ, ಹೆಚ್ಚಾದರೆ ಬಿರಿದು ಚಕ್ಕೆ ಏಳುತ್ತದೆ. ನುಣ್ಣಗೆ ಅರೆದ ಅಕ್ಕಿ ಹಿಟ್ಟು ಕೂಡಿಸಿದರೆ ತಿಳಿಯಾಗುತ್ತದೆ, ಒಲೆಯ ಇದ್ದಿಲ ಪುಡಿ ಚಿಟಿಕೆ ಹಾಕಿದರೆ ಗಾಢವಾಗುತ್ತದೆ. ಅರಿಸಿನವನ್ನೂ ಬಳಸಬಹುದು, ಆದರೆ ಬಿಸಿಲು ಕಂಡರೆ ಅದರ ಬಣ್ಣ ಬೇಗ ಹಾರುತ್ತದೆ. ಗಂಜಿಯ ಬಣ್ಣವನ್ನು ಎರಡು ದಿನಕ್ಕಿಂತ ಇಡಬೇಡಿ, ಹುಳಿ ವಾಸನೆ ಬರುತ್ತದೆ.

‘ಅಮ್ಮಾ, ನೀನೇ ಬರೆದುಕೊಡು’ ಅಂದಾಗ ಅವಳ ಹಾಳೆಯನ್ನು ಮುಟ್ಟಬೇಡಿ. ಒಂದು ಗೆರೆಯನ್ನೂ ತಿದ್ದಬೇಡಿ. ದೊಡ್ಡವರ ಒಂದು ಗೆರೆ ಬಿದ್ದರೆ ಆ ಚಿತ್ರ ಮಗುವಿಗೆ ತನ್ನದು ಅನ್ನಿಸುವುದಿಲ್ಲ. ನೀವೂ ಒಂದು ಹಾಳೆ ತಗೊಂಡು ಪಕ್ಕದಲ್ಲಿ ಕೂತು ನಿಮ್ಮ ಮುಖ ನೀವು ಬರೆಯಿರಿ. ಚಿತ್ರ ಬಾರದಿರುವುದು ಇಲ್ಲಿ ಒಳ್ಳೆಯದೇ ಆಯಿತು, ಅಮ್ಮನಿಗೂ ಕಣ್ಣು ಸೊಟ್ಟ ಬರುತ್ತದೆಂದು ಕಂಡರೆ ಮಗುವಿನ ಹೆದರಿಕೆ ಇಳಿಯುತ್ತದೆ. ಇಬ್ಬರ ಕೈಯೂ ಬಿಗಿಯಾಗಿದ್ದರೆ ಮೊದಲು ಎರಡು ನಿಮಿಷದ ಆಟ: ಹಾಳೆಯನ್ನು ನೋಡಲೇಬಾರದು, ಕಣ್ಣು ಕನ್ನಡಿಯ ಮೇಲೇ ಇರಬೇಕು, ಪೆನ್ಸಿಲ್ ಎತ್ತದೆ ಮುಖದ ಅಂಚಿನ ಉದ್ದಕ್ಕೂ ಇರುವೆಯ ವೇಗದಲ್ಲಿ ಹೋಗಬೇಕು. ಬಂದದ್ದು ವಿಚಿತ್ರವಾಗಿರುತ್ತದೆ, ಎಲ್ಲರೂ ನಗುತ್ತಾರೆ, ಕೈ ಸಡಿಲಾಗುತ್ತದೆ. ಒಂಬತ್ತು ಹತ್ತು ವರ್ಷದವರಿಗೆ ಇದು ಇನ್ನೂ ಹೆಚ್ಚು ಬೇಕಾಗುತ್ತದೆ. ಆ ವಯಸ್ಸಿನಲ್ಲಿ ಫೋಟೋದಂತೆ ಬರಲಿಲ್ಲವೆಂದು ಚಿತ್ರವನ್ನೇ ಬಿಟ್ಟುಬಿಡುವವರು ಬಹಳ.

ಮುಗಿದ ಮೇಲೆ ಬರೀ ‘ಸೂಪರ್’ ಅನ್ನಬೇಡಿ, ಕಂಡದ್ದನ್ನು ಹೇಳಿ: ‘ಎಡಗಡೆ ಹುಬ್ಬು ಸ್ವಲ್ಪ ಮೇಲಿದೆ, ಕನ್ನಡಿಯಲ್ಲೂ ಹಾಗೇ ಇದೆ.’ ಒಂದೇ ಸಲಕ್ಕೆ ಮುಗಿಸಬೇಕೆಂದೂ ಇಲ್ಲ. ಏಳು ವರ್ಷದವಳಿಗೆ ಒಂದು ಕೂರಿಕೆಗೆ ಅರ್ಧ ಗಂಟೆ ಸಾಕು. ಗೆರೆ ಒಂದು ದಿನ, ಬಣ್ಣ ಮತ್ತೊಂದು ದಿನ.

ಮಗನ ವಿಷಯ. ತಲೆಯಿಂದಲೇ ಕಾಲು ಹೊರಡುವ ಮನುಷ್ಯನನ್ನು ಮೂರು ನಾಲ್ಕು ವರ್ಷದ ಮಕ್ಕಳು ಎಲ್ಲಾ ಕಡೆ ಬರೆಯುತ್ತಾರೆ. ಹೊಟ್ಟೆ ಎಲ್ಲಿ ಅಂತ ಕೇಳಿ ತಿದ್ದಬೇಡಿ, ಕಾಲ ಬಂದಾಗ ಅವನೇ ಸೇರಿಸುತ್ತಾನೆ. ಅವನನ್ನು ಅಕ್ಕನ ಪಕ್ಕ ಪೆನ್ಸಿಲ್ ಕೊಟ್ಟು ಅರ್ಧ ಗಂಟೆ ಕೂರಿಸಿದರೆ ಅಕ್ಕನ ಹಾಳೆಗೇ ಕೈ ಹಾಕುತ್ತಾನೆ. ಒಂದು ಸ್ಟೀಲ್ ತಟ್ಟೆ ಕೊಡಿ. ಹುಣಸೆ ಬೀಜದ ಕಣ್ಣು, ಅಡಿಕೆ ಸಿಪ್ಪೆಯ ಕೂದಲು, ಎಲೆಯ ಬಾಯಿ ಇಟ್ಟು ತನ್ನ ಮುಖ ಜೋಡಿಸಲಿ, ನಗುವ ಬಾಯಿ, ಅಳುವ ಬಾಯಿ ಬದಲಿಸಲಿ. ಬೀಜಗಳನ್ನು ಮೂಗಿಗೋ ಬಾಯಿಗೋ ಹಾಕಿಕೊಳ್ಳದಂತೆ ನೀವು ಪಕ್ಕದಲ್ಲಿರಬೇಕು. ಮೂರರ ಒಳಗಿನ ಮಗು ಮನೆಯಲ್ಲಿದ್ದರೆ ಬೀಜ ಬೇಡವೇ ಬೇಡ. ಇನ್ನೊಂದು ಆಟ ಇಬ್ಬರಿಗೂ ಆಗುತ್ತದೆ: ಒಂದು ಕಣ್ಣು ಮುಚ್ಚಿ, ತಲೆ ಅಲುಗಿಸದೆ, ಒಣ ಸೋಪಿನ ಚೂರಿನಿಂದ ಕನ್ನಡಿಯ ಮೇಲೆಯೇ ಮುಖದ ಸುತ್ತ ಗೆರೆ ಎಳೆಯುವುದು. ಮುಖ ಸರಿಸಿ ನೋಡಿದರೆ ಗೆರೆ ನಿಜವಾದ ಮುಖದ ಅರ್ಧದಷ್ಟೇ ಇರುತ್ತದೆ! ಎಷ್ಟೇ ದೂರ ನಿಂತು ಎಳೆದರೂ ಅರ್ಧವೇ, ಯಾಕೆಂದರೆ ಕನ್ನಡಿ ನಿಮ್ಮಿಂದ ಎಷ್ಟು ದೂರವೋ ಅದರ ಎರಡು ಪಾಲು ದೂರದಲ್ಲಿ ಕನ್ನಡಿಯೊಳಗಿನ ಮುಖ ಇರುತ್ತದೆ. ಎರಡೂ ಕಣ್ಣು ತೆರೆದಿದ್ದರೆ ಗೆರೆ ಎಲ್ಲಿ ಬೀಳಬೇಕೆಂದು ತಿಳಿಯದೆ ಅತ್ತಿತ್ತ ಹೋಗುತ್ತದೆ.

ಚಿತ್ರದ ಹಿಂದೆ ತಾರೀಖು, ವಯಸ್ಸು ಬರೆದಿಡಿ. ಮಳೆಗಾಲದಲ್ಲಿ ಹೊರಗೋಡೆಗೆ ಅಂಟಿಸಬೇಡಿ, ಗೋಡೆಯ ತೇವಕ್ಕೆ ಹಿಂದಿನಿಂದ ಬೂಸ್ಟು ಹಿಡಿಯುತ್ತದೆ. ನಡುಮನೆಯಲ್ಲಿ ದಾರ ಕಟ್ಟಿ ಬಟ್ಟೆ ಕ್ಲಿಪ್ಪಿನಲ್ಲಿ ನೇತುಹಾಕಿ. ಪ್ಲಾಸ್ಟಿಕ್ ಕವರಿಗೆ ಹಾಕುವುದಾದರೆ ಬೇಸಿಗೆ ಬಿಸಿಲಲ್ಲಿ ಹಾಳೆ ಗರಿಗರಿ ಆದ ಮೇಲೆಯೇ. ತೇವದ ಹಾಳೆಯನ್ನು ಕವರಿನಲ್ಲಿ ಮುಚ್ಚಿದರೆ ಇನ್ನೂ ಬೇಗ ಹಾಳು.

ಡ್ರಾಯಿಂಗ್ ಕ್ಲಾಸು ಈಗಲೇ ಬೇಕಿಲ್ಲ. ಅವಳಾಗಿ ಕೇಳಿದರೆ ಸೇರಿಸಿ, ಆದರೆ ಸೇರಿಸುವ ಮೊದಲು ಒಂದು ದಿನ ಕ್ಲಾಸು ನಡೆಯುವಾಗಲೇ ಹೋಗಿ ನೋಡಿ. ಎಲ್ಲಾ ಮಕ್ಕಳೂ ಬೋರ್ಡಿನ ಒಂದೇ ಚಿತ್ರವನ್ನು ನಕಲು ಮಾಡುತ್ತಿದ್ದರೆ ನಿಮ್ಮ ಮಗಳಿಗೆ ಇನ್ನೊಂದು ಗೊಂಬೆ ಕಣ್ಣು ಸಿಗುತ್ತದೆ ಅಷ್ಟೇ. ಚೆಂಬು, ಹೂವು, ಎಲೆ, ಪಕ್ಕದಲ್ಲಿ ಕೂತ ಗೆಳತಿಯ ಮುಖ, ಹೀಗೆ ಎದುರಿಗಿಟ್ಟು ನೋಡಿ ಬರೆಸುತ್ತಿದ್ದರೆ ಧೈರ್ಯವಾಗಿ ಸೇರಿಸಿ.